ಶುಲ್ಕ ಇಲ್ಲ ಅಂದಲ್ಲೇ ಜಾಸ್ತಿ ಸೋರಿಕೆ: ಹೊರದೇಶದಲ್ಲಿ ನಿಮ್ಮ ದುಡ್ಡು ಎಲ್ಲಿ ಹೋಗುತ್ತದೆ?

ಹೊರದೇಶದ ಎಟಿಎಂನಲ್ಲಿ ಕಾರ್ಡ್ ಹಾಕಿ, ಪಿನ್ ಒತ್ತಿ, ಎಷ್ಟು ಬೇಕು ಅಂತ ಹೇಳಿದ ಮೇಲೆ, ನೋಟು ಬರುವ ಮುಂಚೆ ಇನ್ನೊಂದು ಪರದೆ ಬರುತ್ತದೆ. ನಿಮ್ಮ ದೇಶದ ಹಣದಲ್ಲಿ ಇದು ಇಷ್ಟಾಗುತ್ತದೆ, ಈ ದರ ಖಾತ್ರಿ, ಒಪ್ಪುತ್ತೀರಾ ಅಂತ ಅದು ಕೇಳುತ್ತದೆ. 'ಒಪ್ಪಿದೆ' ಅನ್ನುವ ಬಟನ್ ಹಸಿರಾಗಿ, ದೊಡ್ಡದಾಗಿ ಇರುತ್ತದೆ. 'ಬೇಡ' ಅನ್ನುವುದು ಮೂಲೆಯಲ್ಲಿ ಬೂದು ಬಣ್ಣದಲ್ಲಿ ಕೂತಿರುತ್ತದೆ. ಬೇಡ ಅಂದರೆ ದುಡ್ಡೇ ಬರುವುದಿಲ್ಲವೇನೋ ಅನ್ನಿಸುತ್ತದೆ. ಹಿಂದೆ ಜನ ನಿಂತಿದ್ದಾರೆ, ಕೊನೆಯ ಬಸ್ಸಿಗೆ ಹೊತ್ತಾಗುತ್ತಿದೆ. ಕೈ ತಾನಾಗಿಯೇ ಹಸಿರಿನ ಕಡೆ ಹೋಗುತ್ತದೆ.

ನನ್ನ ಕೈಯೂ ಹಾಗೇ ಹೋಗಿತ್ತು. ಯುರೋಪಿನ ಒಂದು ವಿಮಾನ ನಿಲ್ದಾಣದಲ್ಲಿ 200 ಯೂರೋ ತೆಗೆದಿದ್ದೆ. ವಾಪಸ್ ಬಂದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಕ್ಕಕ್ಕಿಟ್ಟುಕೊಂಡು, ಅದೇ ದಿನದ ಕಾರ್ಡ್ ನೆಟ್‌ವರ್ಕ್ (ವೀಸಾ, ಮಾಸ್ಟರ್‌ಕಾರ್ಡ್ ತರಹದ ಕಂಪನಿ) ದರದ ಜೊತೆ ತಾಳೆ ನೋಡಿದೆ. ಸುಮಾರು 16 ಯೂರೋ ಜಾಸ್ತಿ ಹೋಗಿತ್ತು. ಶೇಕಡಾ 8. ರಸೀದಿಯಲ್ಲಿ ಶುಲ್ಕ ಅನ್ನುವ ಸಾಲಿನ ಮುಂದೆ ಸೊನ್ನೆ ಇತ್ತು. ಆ 16 ಯೂರೋ ಇದ್ದದ್ದು ವಿನಿಮಯ ದರದ ಒಳಗೆ.

ಹೊರದೇಶದಲ್ಲಿ ದುಡ್ಡು ಕಳೆದುಕೊಳ್ಳುವ ಬಗ್ಗೆ ನಾವು ಯೋಚಿಸುವುದೆಲ್ಲ ಶುಲ್ಕದ ಸುತ್ತ. ಎಟಿಎಂ ಎಷ್ಟು ಕಡಿಯುತ್ತದೆ, ಬ್ಯಾಂಕ್ ಎಷ್ಟು ಹಾಕುತ್ತದೆ ಅಂತ ಕೇಳುತ್ತೇವೆ. ಕೇಳಬೇಕಾದ್ದೇ. ಆದರೆ ಬರೆದು ತೋರಿಸುವ ಶುಲ್ಕ ಕೊನೇಪಕ್ಷ ಕಣ್ಣಿಗೆ ಬೀಳುತ್ತದೆ. ದರದಲ್ಲಿ ಸೇರಿಕೊಂಡದ್ದು ಯಾರಿಗೂ ಕಾಣುವುದಿಲ್ಲ. ಅದನ್ನು ನೋಡುವುದು ಕಲಿತರೆ ಉಳಿದದ್ದರಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ.

ಒಂದು ನೋಟಿನ ಹಿಂದೆ ಎಷ್ಟು ಕೈ

ನೀವು ತೆಗೆಯುವ ಹಣ ನಿಮ್ಮ ಖಾತೆಯಿಂದ ಯಂತ್ರದ ಬಾಯಿಗೆ ಬರುವಷ್ಟರಲ್ಲಿ ಹಲವರ ಕೈ ದಾಟುತ್ತದೆ. ಎಲ್ಲಕ್ಕೂ ಬುಡದಲ್ಲಿ ಇರುವುದು ಮಾರುಕಟ್ಟೆಯ ಮಧ್ಯದ ದರ. ಬ್ಯಾಂಕುಗಳು ತಮ್ಮೊಳಗೆ ಹಣ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಬಿಂದು ಅದು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವುದು ಸಾಮಾನ್ಯವಾಗಿ ಈ ದರವೇ. ಸಾಮಾನ್ಯ ಪ್ರಯಾಣಿಕನಿಗೆ ಅದು ಪೂರ್ತಿ ಸಿಗುವುದು ಅಪರೂಪ. ಆದರೆ ಅಳತೆಗೋಲು ಅದೇ ಆಗಬೇಕು.

ಅದರ ಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಮ್ಮ ದರ ಹಾಕುತ್ತವೆ. ಇಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ತೀರಾ ಸಣ್ಣದು. ಎರಡೂ ಕಂಪನಿಗಳು ದಿನದ ದರವನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕುತ್ತವೆ, ಯಾರು ಬೇಕಾದರೂ ನೋಡಬಹುದು. ಆಮೇಲೆ ನಿಮ್ಮ ಬ್ಯಾಂಕ್ ಬರುತ್ತದೆ. ಹೊರದೇಶದ ವ್ಯವಹಾರ ಅಂತ ಶೇಕಡಾ 1ರಿಂದ 3ರವರೆಗೆ, ಕೆಲವು ಕಡೆ ಅದಕ್ಕಿಂತಲೂ ಸ್ವಲ್ಪ ಜಾಸ್ತಿ ಸೇರಿಸುತ್ತದೆ. ಎಟಿಎಂ ಆದರೆ ಪ್ರತಿ ಸಲಕ್ಕೆ ಒಂದು ನಿಗದಿತ ಮೊತ್ತವನ್ನೂ ಹಾಕಬಹುದು. ಯಂತ್ರ ಇಟ್ಟವರು ತಮ್ಮದೊಂದು ಬಾಡಿಗೆ ಕೇಳಬಹುದು. ಇಷ್ಟೆಲ್ಲ ಆದ ಮೇಲೂ ಆ ಹಸಿರು ಬಟನ್ ಒತ್ತಿದಿರೋ, ನೆಟ್‌ವರ್ಕ್‌ನ ಒಳ್ಳೆಯ ದರ ಹೋಗಿ ಯಂತ್ರದವರ ದರ ಕೂರುತ್ತದೆ.

ಆ ಬಟನ್‌ಗೆ ಒಂದು ಹೆಸರಿದೆ. ಡೈನಾಮಿಕ್ ಕರೆನ್ಸಿ ಕನ್ವರ್ಷನ್. ಆ ವ್ಯವಹಾರದಲ್ಲಿ ಇರುವವರು ಸುಮ್ನೆ ಡಿಸಿಸಿ ಅನ್ನುತ್ತಾರೆ. ಎಟಿಎಂ ಒಂದೇ ಅಲ್ಲ, ಹೋಟೆಲ್, ಅಂಗಡಿ, ಕಾರು ಬಾಡಿಗೆ ಕೌಂಟರ್, ವಿಮಾನ ಟಿಕೆಟ್ ಕೊಳ್ಳುವ ವೆಬ್‌ಸೈಟ್, ಎಲ್ಲ ಕಡೆ ಇದು ಎದುರಾಗುತ್ತದೆ. ಇದರಲ್ಲಿ ಜಾಸ್ತಿ ಹೋಗುವುದು ಶೇಕಡಾ 3 ಇರಬಹುದು, 12 ಇರಬಹುದು. ಅದನ್ನು ತೀರ್ಮಾನಿಸುವುದು ಯಂತ್ರದವರು ಮತ್ತು ಅಂಗಡಿಯವರ ಬ್ಯಾಂಕು. ಇನ್ನೂ ಬೇಸರದ ವಿಷಯ ಅಂದರೆ, ನಿಮ್ಮ ದೇಶದ ಹಣದಲ್ಲೇ ಲೆಕ್ಕ ಆಗಿದ್ದರೂ ಅಂಗಡಿ ಇರುವುದು ಹೊರದೇಶದಲ್ಲಿ ಅನ್ನುವ ಕಾರಣಕ್ಕೆ ಕೆಲವು ಬ್ಯಾಂಕುಗಳು ತಮ್ಮ ವಿದೇಶಿ ಶುಲ್ಕವನ್ನೂ ಹಾಕುತ್ತವೆ. ಗಾಯದ ಮೇಲೆ ಬರೆ.

ಇದು ಯಾಕೆ ಇಷ್ಟು ಹಬ್ಬಿದೆ ಅಂತ ಕೇಳಿದರೆ ಉತ್ತರ ಸರಳ. ಆ ಹೆಚ್ಚುವರಿ ಮೊತ್ತದಲ್ಲಿ ಅಂಗಡಿಯವರಿಗೂ ಪಾಲು ಹೋಗುತ್ತದೆ. ಹಾಗಾಗಿಯೇ ಕೆಲವು ಕೌಂಟರ್‌ಗಳಲ್ಲಿ ಗಿರಾಕಿಯನ್ನು ಕೇಳದೆಯೇ ಅವರೇ ಬಟನ್ ಒತ್ತಿಬಿಡುತ್ತಾರೆ. ಪ್ರವಾಸಿಗಳು ಓಡಾಡುವ ಬೀದಿಗಳಲ್ಲಿ ಯಾವ ಬ್ಯಾಂಕಿಗೂ ಸೇರದ ಎಟಿಎಂಗಳು ಸಾಲಾಗಿ ನಿಂತಿರುವುದೂ ಇದಕ್ಕೇ. ಇನ್ನೊಬ್ಬರ ಬ್ಯಾಂಕಿನ ಕಾರ್ಡಿಗೆ ಹಣ ಕೊಟ್ಟರೆ ಯಂತ್ರದವರಿಗೆ ನಿಯಮದ ಪ್ರಕಾರ ಸಿಗುವುದು ಸ್ವಲ್ಪ. ನಿಜವಾದ ಗಳಿಕೆ ಇರುವುದು ಆ ಹಸಿರು ಬಟನ್‌ನಲ್ಲಿ.

ಯುರೋಪಿಯನ್ ಒಕ್ಕೂಟ 2019ರಲ್ಲಿ ಇದಕ್ಕೊಂದು ನಿಯಮ ತಂದಿತು. 2020ರ ಏಪ್ರಿಲ್‌ನಿಂದ ಅಲ್ಲಿನ ಎಟಿಎಂ ಮತ್ತು ಅಂಗಡಿಗಳು, ತಮ್ಮ ದರ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಂತ ಹಣ ಕೊಡುವ ಮುಂಚೆಯೇ ತೋರಿಸಬೇಕು. ನನ್ನ ಪ್ರಕಾರ ಇದು ಒಳ್ಳೆಯ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಅಂಕಿ ತೋರಿಸಬೇಕು ಅಂತ ಕಾನೂನು ಹೇಳುತ್ತದೆ. ರಾತ್ರಿ ಹೊತ್ತು ಬ್ಯಾಗು ಹೊತ್ತು ನಿಂತವನು ಅದನ್ನು ಓದಿ ಅರ್ಥ ಮಾಡಿಕೊಳ್ಳುತ್ತಾನೆ ಅನ್ನುವುದನ್ನು ಯಾವ ಕಾನೂನೂ ಖಾತ್ರಿ ಮಾಡಲಾರದು. ಅಲ್ವಾ?

ಹಾಗಾಗಿ ಈ ಒಂದು ವಿಷಯವನ್ನು ಬಾಯಿಪಾಠ ಮಾಡಿಕೊಳ್ಳಿ. ಯಂತ್ರವೇ ಇರಲಿ, ಮನುಷ್ಯರೇ ಇರಲಿ, ಯಾವ ಹಣದಲ್ಲಿ ಕೊಡುತ್ತೀರಿ ಅಂತ ಕೇಳಿದರೆ ನೀವು ನಿಂತಿರುವ ದೇಶದ ಹಣದಲ್ಲಿ ಅನ್ನಿ. ಎಟಿಎಂನಲ್ಲಿ 'ಕನ್ವರ್ಷನ್ ಇಲ್ಲದೆ ಮುಂದುವರಿಸಿ' ಅನ್ನುವುದನ್ನು ಒತ್ತಿ. ವ್ಯವಹಾರ ರದ್ದಾಗುವುದಿಲ್ಲ. ಒಂದೆರಡು ಸೆಕೆಂಡ್ ಯಂತ್ರ ಸುಮ್ಮನಿರುತ್ತದೆ, ಆಮೇಲೆ ಅದೇ ನೋಟು ಬರುತ್ತದೆ. ಕೆಲವು ಯಂತ್ರಗಳು 'ಖಂಡಿತವೇ?' ಅಂತ ಎರಡನೇ ಸಲ ಕೇಳುತ್ತವೆ. ಎರಡನೇ ಸಲವೂ ಬೇಡ ಅನ್ನಿ. ಅಂಗಡಿಯಲ್ಲಿ ನಿಮ್ಮನ್ನು ಕೇಳದೆ ಒತ್ತಿದ್ದರೆ, ಅಲ್ಲೇ ಆ ಬಿಲ್ ರದ್ದು ಮಾಡಿಸಿ ಮತ್ತೆ ಮಾಡಿಸುವುದರಲ್ಲಿ ಸಂಕೋಚ ಬೇಡ. ಆಯ್ಕೆ ಗಿರಾಕಿಯದು ಅಂತ ಕಾರ್ಡ್ ನೆಟ್‌ವರ್ಕ್‌ಗಳ ನಿಯಮವೇ ಹೇಳುತ್ತದೆ.

ಬೋರ್ಡಿನ ಮೇಲಿನ ಸೊನ್ನೆ

ನೋಟು ಬದಲಾಯಿಸುವ ಅಂಗಡಿಗಳದ್ದೂ ಇದೇ ಕಥೆ, ಸ್ವಲ್ಪ ಹಳೆಯದು. 'ಕಮಿಷನ್ ಸೊನ್ನೆ' ಅಂತ ದೊಡ್ಡ ಬೋರ್ಡ್ ಇರುತ್ತದೆ. ಬೋರ್ಡ್ ಸುಳ್ಳು ಹೇಳುವುದಿಲ್ಲ, ಕಮಿಷನ್ ನಿಜವಾಗಿಯೂ ಸೊನ್ನೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಇರುವ ಅಂತರದಲ್ಲೇ ಅವರ ಲಾಭ ಕೂತಿದೆ. ಅಂಗಡಿ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯುವುದಕ್ಕೆ ಸುಲಭವಾದ ದಾರಿ ಇದೆ. ಆ ಎರಡು ದರಗಳನ್ನೂ ನೋಡಿ. ಅಂತರ ಸಣ್ಣದಿದ್ದರೆ ಪರವಾಗಿಲ್ಲ. ಶೇಕಡಾ 10, 15 ಇದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ವಿಮಾನ ನಿಲ್ದಾಣದ ಕೌಂಟರ್‌ಗಳಲ್ಲಿ ಈ ಅಂತರ ಸಾಮಾನ್ಯವಾಗಿ ಜಾಸ್ತಿ. ಇಳಿದವರಿಗೆ ಬೇರೆ ದಾರಿ ಇಲ್ಲ ಅಂತ ಅವರಿಗೆ ಗೊತ್ತು.

ಜೆಕ್ ದೇಶದ ಪ್ರಾಗ್ ನಗರ ಈ ವಿಷಯದಲ್ಲಿ ಬಹಳ ಹೆಸರು ಕೆಡಿಸಿಕೊಂಡಿತ್ತು. ಬೋರ್ಡಿನಲ್ಲಿ ಒಳ್ಳೆಯ ದರ ಬರೆದಿರುತ್ತಿತ್ತು. ದೊಡ್ಡ ಮೊತ್ತ ಬದಲಾಯಿಸುವವರಿಗೆ ಮಾತ್ರ ಆ ದರ, ಉಳಿದವರಿಗೆ ತೀರಾ ಕಮ್ಮಿ ಅನ್ನುವುದು ಹಣ ಕೊಟ್ಟ ಮೇಲೆ ಗೊತ್ತಾಗುತ್ತಿತ್ತು. ಕೊನೆಗೆ ಸರ್ಕಾರವೇ ಕಾನೂನು ಬದಲಿಸಿತು. 2019ರ ಏಪ್ರಿಲ್ 1ರಿಂದ, 1000 ಯೂರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸಿ ಹಣ ವಾಪಸ್ ಪಡೆಯುವ ಹಕ್ಕು ಅಲ್ಲಿ ಗಿರಾಕಿಗಿದೆ. ರಸೀದಿ ಮಾತ್ರ ಇಟ್ಟುಕೊಂಡಿರಬೇಕು. ಇಂಥ ಕಾನೂನು ಎಲ್ಲ ಕಡೆ ಬರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಎಚ್ಚರಿಕೆಯ ಫಲಕಕ್ಕಿಂತ ತಪ್ಪನ್ನು ತಿದ್ದಿಕೊಳ್ಳಲು ಕೊಡುವ 3 ಗಂಟೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಷ್ಟು ತೆಗೆಯಬೇಕು, ಯಾವ ಕಾರ್ಡಿನಲ್ಲಿ

ಬರೆದು ತೋರಿಸುವ ಶುಲ್ಕಕ್ಕೂ ಒಂದು ಲೆಕ್ಕವಿದೆ. ಥೈಲ್ಯಾಂಡ್ ನೋಡಿ. ಅಲ್ಲಿ ವಿದೇಶಿ ಕಾರ್ಡಿಗೆ ಎಟಿಎಂಗಳು ಪ್ರತಿ ಸಲ 220 ಬಾತ್ ತೆಗೆದುಕೊಳ್ಳುವುದು ವರ್ಷಗಳಿಂದ ರೂಢಿಯಾಗಿದೆ. ಕೆಲವು ಈಗ ಇನ್ನೂ ಜಾಸ್ತಿ ಕೇಳುತ್ತವೆ. ನೀವು 2000 ಬಾತ್ ತೆಗೆದರೆ ಆ 220 ಅಂದರೆ ಶೇಕಡಾ 11. ಒಂದೇ ಸಲ 20,000 ತೆಗೆದರೆ ಶೇಕಡಾ 1.1. ಯಂತ್ರ ಒಂದೇ, ಶುಲ್ಕ ಒಂದೇ, ಭಾರ ಹತ್ತು ಪಟ್ಟು ಬೇರೆ. ಅದೇ ನಿಮ್ಮ ಬ್ಯಾಂಕು ಬರೀ ಶೇಕಡಾವಾರು ಲೆಕ್ಕದಲ್ಲಿ ಕಡಿಯುವುದಾದರೆ, ದೊಡ್ಡ ಮೊತ್ತ ತೆಗೆದು ಯಾವ ಲಾಭವೂ ಇಲ್ಲ. ಜೇಬಿನಲ್ಲಿ ನೋಟಿನ ಕಟ್ಟು ಇಟ್ಟುಕೊಂಡು ಓಡಾಡುವ ಭಯ ಮಾತ್ರ ಉಳಿಯುತ್ತದೆ. ಹೊರಡುವ ಮುಂಚೆ ನಿಮ್ಮ ಕಾರ್ಡಿನ ಶುಲ್ಕಪಟ್ಟಿಯಲ್ಲಿ ನಿಗದಿತ ಮೊತ್ತ ಎಷ್ಟು, ಶೇಕಡಾ ಎಷ್ಟು ಅನ್ನುವ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಎಷ್ಟು ಸಲ, ಎಷ್ಟೆಷ್ಟು ತೆಗೆಯಬೇಕು ಅನ್ನುವುದು ಆ ಎರಡು ಅಂಕಿಯಿಂದಲೇ ತೀರ್ಮಾನವಾಗುತ್ತದೆ.

ಕ್ರೆಡಿಟ್ ಕಾರ್ಡಿನಲ್ಲಿ ನೋಟು ತೆಗೆಯುವುದು ಬೇಡವೇ ಬೇಡ. ಅಂಗಡಿಯಲ್ಲಿ ಉಜ್ಜಿದರೆ ಬಿಲ್ ಕಟ್ಟುವ ದಿನದವರೆಗೆ ಬಡ್ಡಿ ಇರುವುದಿಲ್ಲ. ಎಟಿಎಂನಲ್ಲಿ ತೆಗೆದರೆ ಅದನ್ನು ಸಾಲ ಅಂತಲೇ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಅದೇ ದಿನದಿಂದ ಬಡ್ಡಿ ಓಡುತ್ತದೆ, ಮೇಲೆ ಒಂದು ಶುಲ್ಕ ಬೇರೆ. ನೋಟಿಗೆ ಡೆಬಿಟ್, ಅಂಗಡಿಗೆ ಕ್ರೆಡಿಟ್. ಹೋಟೆಲ್ ಮತ್ತು ಕಾರು ಬಾಡಿಗೆಗೂ ಕ್ರೆಡಿಟ್ ಕಾರ್ಡೇ ಒಳ್ಳೆಯದು, ಯಾಕೆಂದರೆ ಅವರು ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿಯಲ್ಲಿ ಅಷ್ಟು ಕಮ್ಮಿಯಾಗುತ್ತದೆ, ಅಷ್ಟೆ. ಡೆಬಿಟ್‌ನಲ್ಲಾದರೆ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತದೆ. ಕೋಣೆ ಬಿಟ್ಟು ಬಂದ ಮೇಲೂ ಅದು ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು.

ಹಳೆಯ ಕಾಲದಲ್ಲಿ ಇದಕ್ಕೆಲ್ಲ ಟ್ರಾವೆಲರ್ಸ್ ಚೆಕ್ ಇತ್ತು, ಮುಂಚೆಯೇ ದುಡ್ಡು ಕೊಟ್ಟು ಕೊಂಡು ಹೊರದೇಶದಲ್ಲಿ ನೋಟು ಮಾಡಿಸಿಕೊಳ್ಳುವ ಚೆಕ್ಕು. ಅಮೆರಿಕನ್ ಎಕ್ಸ್‌ಪ್ರೆಸ್ 1891ರಲ್ಲಿ ತಂದದ್ದು. ಇವತ್ತು ಅದನ್ನು ತೆಗೆದುಕೊಳ್ಳುವ ಕೌಂಟರ್ ಹುಡುಕುವುದೇ ಕಷ್ಟ. ಅದರ ಜಾಗಕ್ಕೆ ಮೊದಲು, ಮುಂಚೆಯೇ ಹಣ ತುಂಬಿಸಿಡುವ ಪ್ರೀಪೇಯ್ಡ್ ಕಾರ್ಡ್ ಬಂತು. ಆಮೇಲೆ 2011ರಲ್ಲಿ ಶುರುವಾದ ವೈಸ್, 2015ರಲ್ಲಿ ಬಂದ ರೆವಲ್ಯೂಟ್ ತರಹದ ಆ್ಯಪ್ ಖಾತೆಗಳು ಬಂದವು. ಇವು ಮಾಡಿದ ದೊಡ್ಡ ಕೆಲಸ ಅಂದರೆ ಮಾರುಕಟ್ಟೆಯ ಮಧ್ಯದ ದರವನ್ನು ಸಾಮಾನ್ಯ ಗಿರಾಕಿಯ ಕಣ್ಣಿಗೆ ತಂದದ್ದು. ದರ ಇಷ್ಟು, ನಮ್ಮ ಶುಲ್ಕ ಇಷ್ಟು ಅಂತ ಬೇರೆ ಬೇರೆ ಬರೆದರು. ಹೋಲಿಸಿ ನೋಡಲು ಜನರಿಗೆ ಒಂದು ಆಧಾರ ಸಿಕ್ಕಿತು. ಹಾಗಂತ ಎಲ್ಲವೂ ಪುಕ್ಕಟೆ ಅಲ್ಲ. ತಿಂಗಳಿಗೆ ಇಷ್ಟು ಮೊತ್ತದವರೆಗೆ ಮಾತ್ರ ಎಟಿಎಂ ಉಚಿತ, ಆಮೇಲೆ ಶುಲ್ಕ ಅನ್ನುವ ಮಿತಿ ಇರುತ್ತದೆ. ವಾರಾಂತ್ಯದಲ್ಲಿ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ ಕೆಲವು ಆ್ಯಪ್‌ಗಳು ದರದ ಮೇಲೆ ಸ್ವಲ್ಪ ಸೇರಿಸುತ್ತವೆ. ಪ್ರೀಪೇಯ್ಡ್ ಕಾರ್ಡಿನಲ್ಲಿ ಇನ್ನೊಂದು ತೊಡಕಿದೆ. ಡಾಲರ್ ತುಂಬಿಸಿದ ಕಾರ್ಡನ್ನು ಯೂರೋ ದೇಶದಲ್ಲಿ ಉಜ್ಜಿದರೆ ಮತ್ತೊಂದು ಸಲ ವಿನಿಮಯ ಆಗುತ್ತದೆ. ಎರಡು ಸಲ ಕಡಿತ. ಹೋಗುವ ದೇಶದ ಹಣ ಆ ಕಾರ್ಡಿನಲ್ಲಿ ಇಲ್ಲದಿದ್ದರೆ ಅದನ್ನು ಮಾಡಿಸಿಕೊಂಡು ಪ್ರಯೋಜನ ಕಮ್ಮಿ.

ಎಲ್ಲ ದೇಶಕ್ಕೂ ಒಂದೇ ಸೂತ್ರ ನಡೆಯುವುದಿಲ್ಲ

ಕಾರ್ಡ್ ದರವೇ ಒಳ್ಳೆಯದು ಅಂತ ಇಷ್ಟು ಹೊತ್ತು ಹೇಳಿದೆ. ಅದು ಸುಳ್ಳಾಗುವ ಜಾಗಗಳೂ ಇವೆ. ಅರ್ಜೆಂಟೀನಾದಲ್ಲಿ ಸರ್ಕಾರದ ದರಕ್ಕೂ ಬೀದಿಯ ದರಕ್ಕೂ ಅಜಗಜಾಂತರ ಇದ್ದ ಕಾಲದಲ್ಲಿ, ಕಾರ್ಡ್ ಉಜ್ಜಿದವರಿಗೆ ಸರ್ಕಾರದ ದರ ಸಿಗುತ್ತಿತ್ತು. ಡಾಲರ್ ನೋಟು ಒಯ್ದವರಿಗೆ ಅದರ ಎರಡರಷ್ಟು ಹತ್ತಿರ ಪೆಸೊ ಸಿಗುತ್ತಿದ್ದ ತಿಂಗಳುಗಳಿದ್ದವು. 2022ರ ಕೊನೆಯಲ್ಲಿ ವಿದೇಶಿ ಕಾರ್ಡುಗಳಿಗೆ ಬೇರೆಯೇ ದರ ಕೊಡುವ ವ್ಯವಸ್ಥೆ ಬಂದ ಮೇಲೆ ಈ ಅಂತರ ಬಹಳ ತಗ್ಗಿತು. ಹಣದುಬ್ಬರ ಅತಿಯಾಗಿರುವ, ಎರಡು ದರ ಓಡುತ್ತಿರುವ ದೇಶಕ್ಕೆ ಹೋಗುವುದಾದರೆ, ಈ ವಾರ ಅಲ್ಲಿ ಕಾರ್ಡಿಗೆ ಯಾವ ದರ ಸಿಗುತ್ತಿದೆ ಅಂತ ವಿಚಾರಿಸಿಯೇ ಹೊರಡಿ. ಹೋದ ವರ್ಷದ ಮಾಹಿತಿ ಇಂಥ ಕಡೆ ಕೆಲಸಕ್ಕೆ ಬರುವುದಿಲ್ಲ. ನೋಟು ಒಯ್ಯುವುದಾದರೆ ಹೊಸ ನೋಟೇ ಒಯ್ಯಿರಿ. ಮಡಿಕೆ ಬಿದ್ದ, ಗೀಚಿದ, ಅಂಚು ಹರಿದ ಡಾಲರನ್ನು ಹಲವು ದೇಶಗಳ ಅಂಗಡಿಗಳು ಮುಟ್ಟುವುದೇ ಇಲ್ಲ.

ಜಪಾನಿನ ಸಮಸ್ಯೆ ಬೇರೆ. ಅಲ್ಲಿ ಎಟಿಎಂಗೆ ಬರವಿಲ್ಲ, ಆದರೆ ಬಹಳಷ್ಟು ಬ್ಯಾಂಕ್ ಯಂತ್ರಗಳು ಹೊರದೇಶದ ಕಾರ್ಡನ್ನು ಉಗುಳಿಬಿಡುತ್ತವೆ. ಸೆವೆನ್ ಇಲೆವೆನ್ ಅಂಗಡಿಗಳ ಒಳಗಿರುವ ಸೆವೆನ್ ಬ್ಯಾಂಕ್ ಯಂತ್ರಗಳು, ಅಂಚೆ ಬ್ಯಾಂಕಿನ ಯಂತ್ರಗಳು ತೆಗೆದುಕೊಳ್ಳುತ್ತವೆ. ಚೀನಾದಲ್ಲಿ ಕಾರ್ಡಿಗಿಂತ ಫೋನು ಮುಖ್ಯ. ಅಲಿಪೇ, ವೀಚಾಟ್ ಆ್ಯಪ್‌ಗಳಿಗೆ ಈಗ ವಿದೇಶಿ ಕಾರ್ಡ್ ಜೋಡಿಸಬಹುದು. ಹೊರಡುವ ಮುಂಚೆ ಮನೆಯಲ್ಲೇ ಕೂತು ಜೋಡಿಸಿಕೊಳ್ಳುವುದು ಲೇಸು, ಅಲ್ಲಿ ಇಳಿದ ಮೇಲೆ ಅಲ್ಲ. ಸ್ವೀಡನ್‌ನಲ್ಲಿ ಉಲ್ಟಾ ಕಷ್ಟ, ನೋಟು ಹಿಡಿದು ಹೋದರೆ ಬೇಡ ಅನ್ನುವ ಅಂಗಡಿಗಳೇ ಬಹಳ.

ಇವೆಲ್ಲಕ್ಕಿಂತ ದೊಡ್ಡ ಪಾಠ 2022ರ ಮಾರ್ಚ್‌ನಲ್ಲಿ ಸಿಕ್ಕಿತು. ರಷ್ಯಾ ಯುಕ್ರೇನ್ ಮೇಲೆ ದಂಡೆತ್ತಿ ಹೋದ ಮೇಲೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಅಲ್ಲಿ ಕೆಲಸ ನಿಲ್ಲಿಸಿದವು. ರಷ್ಯಾದಲ್ಲಿ ಕೊಟ್ಟ ಕಾರ್ಡುಗಳು ಹೊರಗೆ ನಡೆಯದಾದವು, ಹೊರಗಿನವು ರಷ್ಯಾದೊಳಗೆ ನಡೆಯದಾದವು. ಪ್ರವಾಸದಲ್ಲಿದ್ದ ಎಷ್ಟೋ ರಷ್ಯನ್ನರು ಕಾರ್ಡ್ ಇದ್ದೂ ಬರಿಗೈಯಲ್ಲಿ ನಿಂತರು. ಕಾರ್ಡ್ ಅನ್ನುವುದು ಯಾರೋ ದೂರದಲ್ಲಿ ಕೂತು ಬಂದ್ ಮಾಡಬಹುದಾದ ಒಂದು ಅನುಮತಿ ಅಂತ ಅವತ್ತು ಕಣ್ಣಾರೆ ಕಂಡಿತು. ಒಂದೆರಡು ದಿನದ ಊಟ, ಮಲಗುವ ಜಾಗಕ್ಕೆ ಸಾಕಾಗುವಷ್ಟು ನೋಟು ಬೇರೆ ಚೀಲದಲ್ಲಿ ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಒಟಿಪಿ ಬರದ ರಾತ್ರಿ

ಶುಲ್ಕದ ಮಾತು ಬದಿಗಿರಲಿ, ದುಡ್ಡೇ ಸಿಗದಿದ್ದರೆ? ಹೆಚ್ಚು ಜನ ಸಿಕ್ಕಿಬೀಳುವುದು ಒಂದು ಸಣ್ಣ ವಿಷಯದಲ್ಲಿ. ಹೊರದೇಶದಲ್ಲಿ ಇಳಿದ ತಕ್ಷಣ ಅಲ್ಲಿನ ಸಿಮ್ ಹಾಕಿಕೊಳ್ಳುತ್ತಾರೆ. ಮನೆಯ ಸಿಮ್ಮನ್ನು ಪರ್ಸಿನ ಮೂಲೆಗೆ ಸೇರಿಸುತ್ತಾರೆ. ಸಂಜೆ ರೈಲು ಟಿಕೆಟ್ ಕೊಳ್ಳಲು ಹೋದರೆ ಬ್ಯಾಂಕು ಒಟಿಪಿ ಕಳಿಸುತ್ತದೆ, ಪರ್ಸಿನಲ್ಲಿರುವ ಆ ಸಿಮ್ಮಿಗೆ. ಪರದೆಯ ಮೇಲೆ ಎರಡು ನಿಮಿಷದ ಗಡಿಯಾರ ಇಳಿಯುತ್ತಿರುತ್ತದೆ. ಪಿನ್ನಿನ ಮೊನೆಯಿಂದ ಸಿಮ್ ತಟ್ಟೆ ಹೊರಗೆಳೆದು, ಬದಲಾಯಿಸಿ, ಫೋನು ನೆಟ್‌ವರ್ಕ್ ಹುಡುಕಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮತ್ತೆ ಮತ್ತೆ ಹೀಗಾದರೆ ಕಾರ್ಡೇ ಲಾಕ್ ಆಗಬಹುದು. ಮನೆಯ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಂತೆ ಮಾಡಿಸಿರಿ, ಇಂಟರ್‌ನೆಟ್‌ಗೆ ಮಾತ್ರ ಇ-ಸಿಮ್ (ಚಿಪ್ ಹಾಕದೆ ಫೋನಿನೊಳಗೇ ಜೋಡಿಸುವ ಸಿಮ್) ಬಳಸಿ. ಬ್ಯಾಂಕಿನ ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು.

ಕಾರ್ಡ್ ಎರಡಿರಲಿ, ಎರಡು ಬೇರೆ ಬೇರೆ ಬ್ಯಾಂಕಿನವು, ಸಾಧ್ಯವಾದರೆ ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಎರಡನ್ನೂ ಒಂದೇ ಪರ್ಸಿನಲ್ಲಿ ಇಟ್ಟರೆ ಎರಡಿದ್ದೂ ಒಂದೇ. ಹೊರದೇಶದ ಬಳಕೆ ಆನ್ ಆಗಿದೆಯೇ ಅಂತ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಪಿನ್ 4 ಅಂಕಿಯದ್ದಾದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ, 6 ಅಂಕಿಯದನ್ನು ಕೆಲವು ಯಂತ್ರಗಳು ಒಪ್ಪುವುದಿಲ್ಲ. ನೋಟು ತೆಗೆಯುವುದನ್ನು ಬ್ಯಾಂಕಿನ ಕಟ್ಟಡಕ್ಕೇ ಅಂಟಿಕೊಂಡ ಯಂತ್ರದಲ್ಲಿ, ಬಾಗಿಲು ತೆರೆದಿರುವ ಹೊತ್ತಿನಲ್ಲಿ ಇಟ್ಟುಕೊಳ್ಳಿ. ಕಾರ್ಡ್ ಒಳಗೇ ಸಿಕ್ಕಿಕೊಂಡರೆ ಕೇಳುವುದಕ್ಕೆ ಒಬ್ಬ ಮನುಷ್ಯ ಇರುತ್ತಾನೆ. ಕಾರ್ಡ್ ನಕಲು ಮಾಡುವ ಉಪಕರಣ ಅಂಥ ಕಡೆ ಸಿಕ್ಕಿಸುವುದೂ ಕಷ್ಟ.

ಇನ್ನು ಕೊನೆಯ ದಿನ. ಉಳಿದ ನೋಟನ್ನು ವಿಮಾನ ನಿಲ್ದಾಣದಲ್ಲಿ ವಾಪಸ್ ಬದಲಾಯಿಸಿದರೆ ಅದೇ ಅಂತರದ ಪೆಟ್ಟನ್ನು ಎರಡನೇ ಸಲ ತಿಂದ ಹಾಗೆ. ನಾಣ್ಯವನ್ನಂತೂ ಬಹುತೇಕ ಯಾರೂ ಬದಲಾಯಿಸಿ ಕೊಡುವುದಿಲ್ಲ. ನಾನು ಈಗ ಮಾಡುವುದು ಹೀಗೆ. ಕೋಣೆ ಬಿಡುವಾಗ ದಾರಿಖರ್ಚಿಗೆ ಬೇಕಾದಷ್ಟು ಎತ್ತಿಟ್ಟು, ಮಿಕ್ಕಿದ ನೋಟು, ಚಿಲ್ಲರೆ ಎಲ್ಲವನ್ನೂ ಹೋಟೆಲ್ ಕೌಂಟರಿನ ಮೇಲೆ ಸುರಿದು ಎಣಿಸಿ ಕೊಡುತ್ತೇನೆ. ಬಿಲ್ಲಿನಲ್ಲಿ ಉಳಿದದ್ದನ್ನು ಕಾರ್ಡಿನಲ್ಲಿ ಹಾಕಿ ಅನ್ನುತ್ತೇನೆ, ಇಲ್ಲಿನ ಹಣದಲ್ಲೇ ಅಂತ ಸೇರಿಸಿ.